ದಾರಾನ ಕಂಬ, ರೆಸಿಡೆಂಟನ ಕಂಬ

ಹಳೇ ಕಟ್ಟಡದ ನವೀಕರಣವೆಂದರೆ ನಮ್ಮಲ್ಲಿ ಬಣ್ಣ ಬಳಿದು, ಟೈಲ್ಸ್ ಹಾಕಿ, ಮಂತ್ರಿಗಳ ಹೆಸರಿನ ಫಲಕ ಕೂರಿಸುವುದು. ದೆಹಲಿಯ ಕಶ್ಮೀರಿ ಗೇಟ್ ಬಳಿಯ ದಾರಾ ಶಿಕೋ ಗ್ರಂಥಾಲಯದಲ್ಲಿ ಪುಣ್ಯಕ್ಕೆ ಅಷ್ಟಕ್ಕೇ ನಿಲ್ಲಲಿಲ್ಲ. ಉಪನಿಷತ್ತುಗಳನ್ನು ಪಾರಸಿಗೆ ತಂದ, ಷಹಜಹಾನನ ಹಿರಿಮಗ ದಾರಾ 17ನೇ ಶತಮಾನದಲ್ಲಿ ಕಟ್ಟಿಸಿದ ಮಹಲು ಅದು. 1803ರಲ್ಲಿ ದೆಹಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಮೇಲೆ ಬ್ರಿಟಿಷ್ ರೆಸಿಡೆಂಟ್ ಆಕ್ಟರ್‌ಲೋನಿ ಅಲ್ಲಿ ಬಂದು ಕೂತ. ಹೀಗಾಗಿ ಎದುರಿಗೆ ಕಾಣುವುದು ಯುರೋಪಿನ ಶೈಲಿಯ ದಪ್ಪ ದುಂಡುಕಂಬಗಳ ಸಾಲು. ಅದನ್ನು ದಾಟಿ ಒಳಗೆ ಹೋದರೆ ಮೊಘಲರ ಕೆಂಪು ಮರಳುಗಲ್ಲಿನ ಕಂಬಗಳು. ಆಮೇಲೆ ಕಾಲೇಜು, ಶಾಲೆ, ಪುರಾತತ್ವ ಇಲಾಖೆ ಎಲ್ಲವೂ ಅಲ್ಲಿ ಬಿಡಾರ ಹೂಡಿದವು. ನವೀಕರಣದ ನಕ್ಷೆ ತಿದ್ದುವವರಿಗೆ ‘ಅಸಲಿ’ ರೂಪದ ಹುಚ್ಚು ಹಿಡಿದಿದ್ದರೆ ಮುಂಭಾಗ ನೆಲಸಮವಾಗುತ್ತಿತ್ತು. ಎರಡನ್ನೂ ಉಳಿಸಿದ್ದು ಜಾಣತನ. 2023ರಲ್ಲಿ ಅಲ್ಲಿ ದೇಶವಿಭಜನೆಯ ಮ್ಯೂಸಿಯಂ ತೆರೆಯಿತು. ಒಳ್ಳೆಯದೇ, ಆದರೆ ಓದುಗನ ಜಾಗಕ್ಕೆ ಪ್ರೇಕ್ಷಕ ಬಂದ. ಇದೇ ಊರಿನ ಚಾಂದನಿ ಚೌಕದಲ್ಲಿ 1862ರಷ್ಟು ಹಿಂದಕ್ಕೆ ಬೇರಿರುವ ಹರದಯಾಳ್ ಗ್ರಂಥಾಲಯವಿದೆ, ಅಪರೂಪದ ಪುಸ್ತಕಗಳ ಸಮೇತ. ಅದರ ನವೀಕರಣದ ನಕ್ಷೆ ಮೇಜಿನ ಮೇಲೆ ಬಂದಾಗ ಅದನ್ನು ನೋಡುವ ಕಮಿಟಿಯವರು ಮೊದಲು ಓದುಗನ ಕುರ್ಚಿ ಎಲ್ಲಿದೆಯೆಂದು ಹುಡುಕಲಿ, ಕಮಾನಿನ ಬಣ್ಣದ ಚರ್ಚೆ ಆಮೇಲಿರಲಿ.