ವಿದ್ಯಾದಾನದ ದ್ರವ್ಯವೂ ಅಸ್ತೇಯವೂ

ಇಂಡಿ ತಾಲ್ಲೂಕಿನ ಸಾಲೋಟಗಿಗೆ ಹಿಂದೆ ಪಾವಿಟ್ಟಗೆ ಎಂಬ ಹೆಸರಿತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅದು ಜೈನ ವಿದ್ಯಾಲಯವಲ್ಲ, ತ್ರೈಪುರುಷ ದೇವರ ಸನ್ನಿಧಿಯ ವೈದಿಕ ಶಾಲೆ. ಆದರೂ ಕ್ರಿ.ಶ. 945ರ ಅದರ ಶಾಸನವು ಎಲ್ಲ ಮತದ ದಾನಿಗಳೂ ಮನನ ಮಾಡತಕ್ಕದ್ದಾಗಿದೆ. ವಿದ್ಯಾರ್ಥಿಗಳ ವಸತಿಗೆ 27 ಮನೆಗಳು, ದೀಪಕ್ಕೆ 12 ನಿವರ್ತನ ಭೂಮಿ, ಉಪಾಧ್ಯಾಯನಿಗೆ 50 ನಿವರ್ತನ. ಇದಲ್ಲದೆ ಊರಿನ ಗೃಹಸ್ಥರು ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಮತ್ತೆ ಅದರರ್ಧ ಕೊಡಬೇಕೆಂದು ಕಟ್ಟಳೆ. ಉಪಾಧ್ಯಾಯನು ಉಂಡ ಅನ್ನದಲ್ಲಿ ಊರಿನ ಮಂಗಳಕಾರ್ಯಗಳ ಪಾಲಿತ್ತು.

ಇಂದಿನ ವಿಶ್ವವಿದ್ಯಾಲಯದ ನೌಕರನ ವೇತನವೂ ಜನರು ತೆತ್ತ ತೆರಿಗೆ ಮತ್ತು ಶುಲ್ಕಗಳಿಂದಲೇ ಬರುತ್ತದೆ. ಆದುದರಿಂದ ಅವನ ಅಪ್ರಾಮಾಣಿಕತೆ ಕೇವಲ ಸೇವಾನಿಯಮದ ಉಲ್ಲಂಘನೆಯಲ್ಲ. ಅದು ಅದತ್ತಾದಾನ, ಎಂದರೆ ಕೊಡದಿದ್ದುದನ್ನು ತೆಗೆದುಕೊಳ್ಳುವುದು. ಅಚೌರ್ಯವ್ರತದ ಅತಿಚಾರಗಳನ್ನು ಪೂರ್ವಾಚಾರ್ಯರು ವ್ಯಾಪಾರಿಯ ತಕ್ಕಡಿಯನ್ನು ಕಂಡು ಹೇಳಿರಬಹುದು. ಇಂದು ಅವು ಪರೀಕ್ಷಾ ವಿಭಾಗಕ್ಕೂ ಒಪ್ಪುತ್ತವೆ. ಹಣಕ್ಕೆ ಅಂಕಗಳನ್ನು ಏರಿಸುವುದು ಹೀನಾಧಿಕ ಮಾನೋನ್ಮಾನ. ಅನ್ಯರ ಬರಹಕ್ಕೆ ತನ್ನ ಹೆಸರಿಟ್ಟು ಪದವಿ ಪಡೆಯುವುದು ಪ್ರತಿರೂಪಕ ವ್ಯವಹಾರ. ಸೋರಿದ ಪ್ರಶ್ನೆಪತ್ರಿಕೆಯನ್ನು ಕೊಳ್ಳುವುದು ತದಾಹೃತಾದಾನ, ಕದ್ದ ಮಾಲಿನ ಸ್ವೀಕಾರ. 2022ರಲ್ಲಿ ರಾಜ್ಯದ ಸಹಾಯಕ ಪ್ರಾಧ್ಯಾಪಕರ ನೇಮಕಾತಿ ಪರೀಕ್ಷೆಯ ಭೂಗೋಳದ ಪ್ರಶ್ನೆಗಳು ಹೊರಬಿದ್ದ ಆರೋಪದಲ್ಲಿ ಬಂಧನಗಳಾದವು. ಗುರುವಾಗುವ ಪರೀಕ್ಷೆಯೇ ಹೀಗಾದರೆ ಶಿಷ್ಯನು ಕಲಿಯುವುದೇನನ್ನು?

ನಿಯಮಗಳ ಕೊರತೆಯಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಂತೆ, ಪ್ರಬಂಧದಲ್ಲಿ ಅನ್ಯರ ಬರಹದೊಡನೆ ಶೇ. 60ನ್ನು ಮೀರಿದ ಸಾಮ್ಯ ಕಂಡರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಅಧ್ಯಾಪಕನು ಎರಡು ವಾರ್ಷಿಕ ಬಡ್ತಿಗಳನ್ನೂ ಮೂರು ವರ್ಷ ಮಾರ್ಗದರ್ಶನದ ಹಕ್ಕನ್ನೂ ಕಳೆದುಕೊಳ್ಳುತ್ತಾನೆ. ಶೇ. 10ರವರೆಗೆ ದಂಡನೆಯಿಲ್ಲ. ದಂಡನೆಯಿಲ್ಲವೆಂಬುದನ್ನು ಅನುಮತಿಯೆಂದು ಓದುವ ಜಾಣತನಕ್ಕೆ ಯಾವ ನಿಯಮ ಮದ್ದಾದೀತು? ವೇತನ ಸಾಲದು, ಕೆಲಸ ಖಾಯಂ ಅಲ್ಲ ಎಂಬ ಸಮಾಧಾನವನ್ನೂ ಹೇಳುವುದುಂಟು. ಆ ಕಷ್ಟ ನಿಜ. ಅದಕ್ಕಾಗಿ ಹೋರಾಡುವುದು ನ್ಯಾಯ. ಆದರೆ ಅಂಕವು ಅವನ ಸ್ವತ್ತಲ್ಲ; ಸ್ವತ್ತಲ್ಲದ್ದನ್ನು ಮಾರುವ ಹಕ್ಕನ್ನು ಬಡತನವೂ ಕೊಡದು.

ಇಷ್ಟು ಹೇಳಿ ನೌಕರನೊಬ್ಬನನ್ನೇ ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ. ಪಾಪವು ಕೃತ, ಕಾರಿತ, ಅನುಮೋದಿತವೆಂದು ಮೂರು ಬಗೆ. ಮಗನ ಅಂಕಕ್ಕಾಗಿ ಲಕೋಟೆ ಕಳುಹಿಸುವ ತಂದೆ ಕಾರಿತದ ಭಾಗಿ. ಲಂಚ ಕೊಡುವುದನ್ನೂ ನೇರ ಅಪರಾಧವೆಂದು ಕಾನೂನು 2018ರ ತಿದ್ದುಪಡಿಯಲ್ಲಿ ಸಾರಿತು. ಶ್ರಾವಕಾಚಾರ ಅದನ್ನು ಶತಮಾನಗಳ ಹಿಂದೆಯೇ ಸಾರಿತ್ತು. ಅಧ್ಯಾಪಕ ಹುದ್ದೆಗೆ ‘ದೇಣಿಗೆ’ ಕೇಳುವ ಆಡಳಿತ ಮಂಡಳಿ, ಅದು ಯಾವ ಬಸದಿಯ ಹೆಸರಿನಲ್ಲೇ ಇರಲಿ, ಅಪ್ರಾಮಾಣಿಕತೆಯ ಮೊದಲ ಪಾಠವನ್ನು ತಾನೇ ಕಲಿಸುತ್ತದೆ. ಕೊಟ್ಟು ಬಂದವನು ತೆಗೆದುಕೊಳ್ಳದೆ ಬಿಡುವನೇ?

ಆದುದರಿಂದ ವಿದ್ಯಾರ್ಥಿವೇತನ ಕೊಡುವ, ವಸತಿಗೃಹ ನಡೆಸುವ ಟ್ರಸ್ಟುಗಳು ಮೊದಲು ತಮ್ಮ ನೇಮಕಾತಿಯ ಲೆಕ್ಕವನ್ನು ಸಮಾಜದ ಮುಂದೆ ತೆರೆದಿಡಲಿ. ಕುಟುಂಬಗಳು ಮಕ್ಕಳು ಗಳಿಸಿದಷ್ಟೇ ಅಂಕಕ್ಕೆ ತೃಪ್ತಿಪಡಲಿ. ಸಾಲೋಟಗಿಯ ಗೃಹಸ್ಥರು ಮದುವೆಯ ದಿನ ಶಾಲೆಗೆ ಕೊಟ್ಟರು; ಒಬ್ಬ ಮಗನ ಅಂಕಕ್ಕಾಗಿ ಅಲ್ಲ, ಊರಿನ ದೀಪ ಉರಿಯಲೆಂದು.