ಉರಿಯುವ ಮೆಗ್ನೀಸಿಯಂ ಮೇಲೆ ನೀರು ಹಾಕಿದರೆ ಬೆಂಕಿ ಆರುತ್ತದೆಯೇ?

ಬೆಂಕಿ ಬಿದ್ದರೆ ಮೊದಲು ನೀರು ಹಾಕಬೇಕು ಎಂದು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಹುಲ್ಲಿನ ಮೆದೆಗೆ, ಕಟ್ಟಿಗೆಗೆ, ಬಟ್ಟೆಗೆ ಅದು ಸರಿ. ಆದರೆ ಎಸ್ಸೆಸ್ಸೆಲ್ಸಿ ವಿಜ್ಞಾನದ ಮೊದಲ ಪಾಠದಲ್ಲೇ ಮಕ್ಕಳು ಸುಟ್ಟು ನೋಡುವ ಮೆಗ್ನೀಸಿಯಂ ಪಟ್ಟಿಗೆ ಈ ಮಾತು ಸಲ್ಲದು.

ಈ ತಪ್ಪು ದೊಡ್ಡ ಮಟ್ಟದಲ್ಲೂ ಆಗಿದೆ. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ಸ್ ಕಾರ್ ರೇಸಿನಲ್ಲಿ ಅಪಘಾತಕ್ಕೀಡಾದ ಮರ್ಸಿಡಿಸ್ ಕಾರಿಗೆ ಬೆಂಕಿ ಹತ್ತಿತು. ಅದರ ಹೊರಕವಚ ಮೆಗ್ನೀಸಿಯಂ ಮಿಶ್ರಲೋಹದ್ದು. ನೀರು ಹಾಕಿದಷ್ಟೂ ಉರಿ ಜೋರಾಯಿತು.

ಯಾಕೆ ಹೀಗೆ? ತಣ್ಣೀರಿನಲ್ಲಿ ಮೆಗ್ನೀಸಿಯಂ ಹಾಕಿಟ್ಟರೆ ಹೆಚ್ಚೇನೂ ಆಗುವುದಿಲ್ಲ. ಉರಿಯುವಾಗ ಕಥೆಯೇ ಬೇರೆ. 2,000 ಡಿಗ್ರಿ ಸೆಲ್ಸಿಯಸ್ ದಾಟಿದ ಆ ಕಾವಿನಲ್ಲಿ ಲೋಹವು ನೀರಿನೊಳಗಿನ ಆಕ್ಸಿಜನ್ನನ್ನೇ ಕಿತ್ತುಕೊಳ್ಳುತ್ತದೆ. ಉಳಿಯುವುದು ಹೈಡ್ರೋಜನ್. ಅದೂ ಉರಿಯುವ ಅನಿಲವೇ! ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಕೂಡ ಕೆಲಸಕ್ಕೆ ಬಾರದು. ಅದರಿಂದಲೂ ಆಕ್ಸಿಜನ್ ಎಳೆದುಕೊಂಡು ಕಪ್ಪು ಇಂಗಾಲವನ್ನು ಬಿಟ್ಟುಹೋಗುತ್ತದೆ. ನರಸಾಪುರ, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ಲೋಹದ ಪುಡಿ, ತುರಿಯ ನಡುವೆ ಕೆಲಸ ಮಾಡುವವರು ಗೋಡೆಯ ಮೇಲಿನ ಸಿಲಿಂಡರನ್ನು ಒಮ್ಮೆ ಓದಿ ನೋಡಬೇಕು. ಲೋಹದ ಬೆಂಕಿಗೆ 'ಡಿ' ದರ್ಜೆಯದೇ ಆಗಬೇಕು. ಶಾಲೆಯಲ್ಲಿ ಒಂದು ಬಕೆಟ್ ಒಣ ಮರಳು ಸಾಕು, ಹಸಿ ಮರಳು ಬೇಡ. ಪಟ್ಟಿ ಬೆರಳುದ್ದಕ್ಕಿಂತ ಚಿಕ್ಕದಿರಲಿ, ಇಕ್ಕಳದಲ್ಲಿ ಹಿಡಿಯಿರಿ, ಆ ಬೆಳಕನ್ನು ನೇರವಾಗಿ ದಿಟ್ಟಿಸಬೇಡಿ.

ಅಂದಹಾಗೆ, ಸುಟ್ಟರೆ ತೂಕ ಇಳಿಯುತ್ತದೆ ಎಂಬ ನಂಬಿಕೆಯೂ ಇಲ್ಲಿ ಸುಳ್ಳಾಗುತ್ತದೆ. 24 ಗ್ರಾಂ ಮೆಗ್ನೀಸಿಯಂ ಪೂರ್ತಿ ಉರಿದರೆ ಸಿಗುವ ಬಿಳಿ ಪುಡಿ 40 ಗ್ರಾಂ. ಹೆಚ್ಚಿದ 16 ಗ್ರಾಂ ಗಾಳಿಯ ಆಕ್ಸಿಜನ್ನಿನದು.

ಇನ್ನು ಆಮ್ಲ. ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಪಟ್ಟಿ ಹಾಕಿದರೆ ಗುಳ್ಳೆಗಳೆದ್ದು ಪ್ರನಾಳ ಬಿಸಿಯಾಗುತ್ತದೆ. ಆ ಗುಳ್ಳೆ ಹೈಡ್ರೋಜನ್; ಉರಿಯುವ ಕಡ್ಡಿ ಹಿಡಿದರೆ 'ಪಟ್' ಎನ್ನುತ್ತದೆ. ವಿನೆಗರಿನಲ್ಲೂ ಇದೇ ಆಗುತ್ತದೆ, ನಿಧಾನವಾಗಿ.

ಹಾಗಾದರೆ ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಗಡಸು ಬೋರ್‌ವೆಲ್ ನೀರಿನಲ್ಲಿರುವ ಮೆಗ್ನೀಸಿಯಂ? ಅದು ಲೋಹವಲ್ಲ, ಕರಗಿದ ಲವಣ. ಆಕ್ಸಿಜನ್ ಜೊತೆ ಸೇರುವಂಥದ್ದು ಅದರಲ್ಲಿ ಉಳಿದಿರುವುದಿಲ್ಲ, ಹಾಗಾಗಿ ಉರಿಯುವ ಮಾತೇ ಇಲ್ಲ. ಆ ನೀರು ಕಾಯಿಸಿದ ಹಂಡೆಯಲ್ಲಿ ಕಟ್ಟುವ ಬಿಳಿ ಪೊರೆಯಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಜೊತೆಗೆ ಒಂದಿಷ್ಟು ಮೆಗ್ನೀಸಿಯಂ ಸಂಯುಕ್ತಗಳು. ಅದಕ್ಕೆ ಆಸಿಡ್ ಹಾಕಿದಾಗಲೂ ನೊರೆ ಬರುತ್ತದೆ. ಆದರೆ ಅದು ಹೈಡ್ರೋಜನ್ ಅಲ್ಲ, ಕಾರ್ಬನ್ ಡೈಆಕ್ಸೈಡ್. ಕಡ್ಡಿ ಹಿಡಿದರೆ ಆರಿಹೋಗುತ್ತದೆ. ಅದೇ ಆಸಿಡ್ ಸತು ಲೇಪಿಸಿದ ತಗಡಿನ ಬಕೆಟ್ಟಿಗೆ ಬಿದ್ದರೆ ಏಳುವುದು ಹೈಡ್ರೋಜನ್. ಆಗ ಹತ್ತಿರದಲ್ಲಿ ಒಲೆ, ಬೀಡಿ, ದೀಪ ಯಾವುದೂ ಇರಬಾರದು.