ಕಸದಿಂದ ಇಂಧನ

ತಿಪ್ಪೆಗೆ ಎಸೆದ ಬಾಳೆಯೆಲೆ ಕೆಲವು ತಿಂಗಳುಗಳಲ್ಲಿ ಗೊಬ್ಬರವಾಗುತ್ತದೆ. ಅದರ ಪಕ್ಕದಲ್ಲಿ ಬಿದ್ದ ಪ್ಲಾಸ್ಟಿಕ್ ಚೀಲವು ಎಸೆದವನ ಮೊಮ್ಮಕ್ಕಳ ಕಾಲಕ್ಕೂ ಉಳಿಯಬಹುದು. 2017ರಲ್ಲಿ ವಿಜ್ಞಾನಿಗಳು ಪ್ರಕಟಿಸಿದ ಅಂದಾಜಿನಂತೆ, 1950ರಿಂದ 2015ರವರೆಗೆ ಜಗತ್ತಿನಲ್ಲಿ ಸುಮಾರು 830 ಕೋಟಿ ಟನ್ ಪ್ಲಾಸ್ಟಿಕ್ ತಯಾರಾಯಿತು. 2015ರ ವೇಳೆಗೆ ಸುಮಾರು 630 ಕೋಟಿ ಟನ್ ಕಸವಾಗಿತ್ತು. ಆ ಕಸದಲ್ಲಿ ಹೊಸ ರೂಪ ಪಡೆದು ಮರಳಿ ಬಳಕೆಗೆ ಬಂದುದು ನೂರಕ್ಕೆ 9 ಪಾಲು ಮಾತ್ರ. ಉಳಿದುದರ ಗತಿಯೇನು?

ಈ ಪ್ರಶ್ನೆಗೆ ವಿಜ್ಞಾನವು ನೀಡಿರುವ ಉತ್ತರಗಳಲ್ಲಿ ಉಷ್ಣವಿಘಟನೆಯೂ ಒಂದು. ಇದನ್ನು ಪೈರಾಲಿಸಿಸ್ ಎನ್ನುವರು. ಪ್ಲಾಸ್ಟಿಕ್ಕಿನ ಅಣುಗಳು ಉದ್ದನೆಯ ಸರಪಣಿಗಳಂತಿರುತ್ತವೆ. ಬಯಲಿನಲ್ಲಿ ಸುಟ್ಟರೆ ಅದು ವಿಷದ ಹೊಗೆಯನ್ನು ಕಾರುತ್ತದೆ. ಆದರೆ ಆಮ್ಲಜನಕಕ್ಕೆ ಎಡೆಯಿಲ್ಲದ ಮುಚ್ಚಿದ ಪಾತ್ರೆಯಲ್ಲಿ ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಸಿದಾಗ ಅದು ಉರಿಯದೆ, ಅದರ ಸರಪಣಿಗಳು ತುಂಡಾಗಿ ಆವಿಯಾಗುತ್ತವೆ. ಆವಿಯನ್ನು ತಣಿಸಿದರೆ ಎಣ್ಣೆ ದೊರೆಯುತ್ತದೆ. ತಣಿಯದೆ ಉಳಿದ ಅನಿಲವನ್ನು ಅದೇ ಕುಲುಮೆಗೆ ಉರುವಲಾಗಿ ಬಳಸಬಹುದು. ಡೆಹರಾಡೂನಿನ ಭಾರತೀಯ ಪೆಟ್ರೋಲಿಯಂ ಸಂಸ್ಥೆಯಲ್ಲಿ 2019ರಲ್ಲಿ ಇಂತಹ ಒಂದು ಸ್ಥಾವರವು ಆರಂಭವಾಯಿತು. ದಿನಕ್ಕೆ 1 ಟನ್ ಕಸದಿಂದ ಸುಮಾರು 800 ಲೀಟರ್ ಡೀಸೆಲ್ ಪಡೆಯುವುದು ಅದರ ಗುರಿಯಾಗಿತ್ತು.

ಈ ಸಾಧನೆ ಶ್ಲಾಘನೀಯವೇ ಸರಿ. ಆದರೆ ಇದನ್ನು ಸರ್ವರೋಗಕ್ಕೂ ಮದ್ದೆಂದು ಭಾವಿಸುವುದು ಸಲ್ಲದು. ಎಲ್ಲ ಬಗೆಯ ಪ್ಲಾಸ್ಟಿಕ್ಕೂ ಈ ಕ್ರಮಕ್ಕೆ ಒಗ್ಗುವುದಿಲ್ಲ. ಪಾಲಿಥೀನ್ ಚೀಲಗಳು ಒಳ್ಳೆಯ ಎಣ್ಣೆಯನ್ನು ಕೊಡುತ್ತವೆ, ಅವುಗಳೊಡನೆ ಪಿ.ವಿ.ಸಿ. ಕೊಳವೆಯ ಚೂರುಗಳು ಸೇರಿದರೆ ಆಮ್ಲದ ಅನಿಲ ಹೊಮ್ಮಿ ಯಂತ್ರದ ಲೋಹವನ್ನೇ ತಿನ್ನುತ್ತದೆ. ಆದಕಾರಣ ಕಸವನ್ನು ಮೊದಲೇ ವಿಂಗಡಿಸಬೇಕು. ಭಾರತದ ನಗರಗಳಲ್ಲಿ ಆ ಭಾರವನ್ನು ಬಹುಮಟ್ಟಿಗೆ ಹೊತ್ತಿರುವವರು ಚಿಂದಿ ಆಯುವ ಬಡವರು. ಅವರ ದುಡಿಮೆಗೆ ತಕ್ಕ ಕೂಲಿಯೂ ಗೌರವವೂ ದೊರೆಯದೆ ಈ ಉದ್ಯಮ ನ್ಯಾಯವಾದುದೆನಿಸದು. ಅಲ್ಲದೆ, ಕರಗಿ ಬಿಂದಿಗೆಯಾದ ಪ್ಲಾಸ್ಟಿಕ್ ಮತ್ತೊಮ್ಮೆ ಬಳಕೆಗೆ ಒದಗುತ್ತದೆ. ಇಂಧನವಾದುದಾದರೋ ಒಂದೇ ಸಲಕ್ಕೆ ಉರಿದು, ಇಂಗಾಲದ ಡೈಆಕ್ಸೈಡ್ ಆಗಿ ವಾಯುಮಂಡಲವನ್ನು ಸೇರುತ್ತದೆ.

ಆದುದರಿಂದ ಬಳಕೆಯನ್ನು ಮಿತಗೊಳಿಸುವುದು ಮೊದಲ ಕರ್ತವ್ಯ. ಬಳಸಿದುದನ್ನೇ ಮರಳಿ ಬಳಸುವುದು ಎರಡನೆಯದು. ಯಾವುದಕ್ಕೂ ಒದಗದ ಹರಕು ಮುರುಕಿಗೆ ಮಾತ್ರ ಉಷ್ಣವಿಘಟನೆಯು ಕೊನೆಯ ದಾರಿಯಾಗಬೇಕು. ಈ ಕ್ರಮ ತಲೆಕೆಳಗಾದರೆ ಕುಲುಮೆಯ ಹಸಿವನ್ನು ತಣಿಸಲೆಂದೇ ಕಸವನ್ನು ಬೆಳೆಸಬೇಕಾದೀತು. ಸಂತೆಗೆ ಬಟ್ಟೆಯ ಚೀಲವನ್ನು ಒಯ್ಯುವ ಜನರೂ, ಹಸಿಕಸ ಒಣಕಸಗಳನ್ನು ಬೇರೆ ಬೇರೆಯಾಗಿ ಇಡುವ ಮನೆಗಳೂ ಇಲ್ಲದಿದ್ದರೆ ಯಾವ ಯಂತ್ರವೂ ಊರನ್ನು ಶುಚಿಯಾಗಿಡಲಾರದು.